ಕವರ್ ಎಲ್ಲಿ ಮೇಡಂ? ಫಾರಿನ್‌ನಿಂದ ಬಂದ ಒಂದು ಪವರ್ ಆಫ್ ಅಟಾರ್ನಿಯ ಕತೆ

ಅಣ್ಣನ ಕೊರಿಯರ್ ಬಂದ ದಿನ ಅಮ್ಮ ಕವರ್ ಕತ್ತರಿಸಿ, ಒಳಗಿದ್ದ ಕಾಗದಗಳನ್ನು ದೇವರ ಮುಂದಿಟ್ಟು ಕೈಮುಗಿದರು. ನಾನು ಖಾಲಿ ಕವರನ್ನು ಹಳೇ ಪೇಪರ್ ಜೊತೆ ರದ್ದಿಗೆ ಹಾಕಿದೆ.

ನಾಲ್ಕು ತಿಂಗಳಾದ ಮೇಲೆ, ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಅದೇ ಕಾಗದ ಹಿಡಿದು ನೋಂದಣಿ ಇಲಾಖೆಯ ಕಚೇರಿಯೊಂದರ ಕೌಂಟರ್ ಮುಂದೆ ನಿಂತಿದ್ದೆ. ಆ ಕಡೆ ಕೂತಿದ್ದವರು ಮೊದಲ ಪುಟ ನೋಡಿದರು, ಕೊನೇ ಪುಟ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಕವರ್ ಎಲ್ಲಿ ಮೇಡಂ?"

"ಯಾವ ಕವರ್ ಸರ್?"

"ಇದು ಬಂತಲ್ಲ, ಆ ಕವರ್. ಇಂಡಿಯಾಕ್ಕೆ ಯಾವತ್ತು ಬಂತು ಅಂತ ಗೊತ್ತಾಗೋದು ಬೇಡ್ವಾ? ಮತ್ತೆ ಇದರ ಮೇಲೆ ಅಪೋಸ್ಟಿಲ್ಲೂ ಇಲ್ಲ, ಕಾನ್ಸುಲೇಟ್ ಸೀಲೂ ಇಲ್ಲ."

ಅವರು ಬೈಯಲಿಲ್ಲ, ಸತಾಯಿಸಲೂ ಇಲ್ಲ. ಕಾಗದವನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು, ಅಷ್ಟೇ. ಹೊರಗೆ ಬಂದು ಆಟೋ ಹಿಡಿಯೋವಾಗ ಲೆಕ್ಕ ಹಾಕಿದೆ. ಅಣ್ಣ ರಜೆ ಹಾಕಿದ್ದು, ನೋಟರಿ ಫೀಸು, ಕೊರಿಯರ್ ದುಡ್ಡು, ನಾಲ್ಕು ತಿಂಗಳ ಕಾಯುವಿಕೆ, ಎಲ್ಲ ನೀರಿಗೆ. ತಪ್ಪು ನಮ್ಮದೇ. ಅದನ್ನೇ ಇಲ್ಲಿ ಬರೀತಿದ್ದೀನಿ, ನಿಮ್ಮ ಮನೆಯಲ್ಲಿ ಇದು ಎರಡನೇ ಸಲ ಆಗೋದು ಬೇಡ ಅಂತ.

ನಮ್ಮನೆ ಕತೆ, ನಿಮ್ಮನೆ ಕತೆಯೂ ಇರಬಹುದು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಯಾವ ರಸ್ತೆಗೆ ಹೋದರೂ ಇಂಥ ಮನೆ ಒಂದಾದರೂ ಸಿಗುತ್ತೆ. ಕೆಳಗೆ ಅಮ್ಮ ಅಥವಾ ಅಪ್ಪ, ಮೇಲೆ ಬಾಡಿಗೆಯವರು, ಗೋಡೆ ಮೇಲೆ ಮಕ್ಕಳ ಕಾನ್ವೊಕೇಷನ್ ಫೋಟೋ. ಮಕ್ಕಳು ಮಾತ್ರ ಒಬ್ಬೊಬ್ಬರು ಒಂದೊಂದು ಟೈಮ್ ಝೋನ್‌ನಲ್ಲಿ. ನಮ್ಮನೆಯೂ ಹಾಗೇ. ಅಣ್ಣ ನ್ಯೂಜೆರ್ಸಿಯಲ್ಲಿ, ಅಕ್ಕ ಜರ್ಮನಿಯ ಮ್ಯೂನಿಕ್‌ನಲ್ಲಿ, ಬಸವೇಶ್ವರನಗರದಲ್ಲಿ ಅಮ್ಮನ ಜೊತೆ ನಾನು.

ಅಪ್ಪ ಹೋಗಿ ಎರಡು ವರ್ಷವಾಗಿತ್ತು. ವಿಲ್ ಬರೆದಿರಲಿಲ್ಲ. ಹಾಗಾದಾಗ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಪ್ಪನ ಸ್ವಂತ ದುಡಿಮೆಯ ಮನೆಯಲ್ಲಿ ಹೆಂಡತಿ, ಮಕ್ಕಳು ಎಲ್ಲರಿಗೂ ಸಮಪಾಲು. ಅಂದರೆ ನಾವು ನಾಲ್ಕು ಜನಕ್ಕೆ ನಾಲ್ಕು ಭಾಗ. ನಾವು ಮೂವರೂ ಮಾತಾಡಿಕೊಂಡಿದ್ದು ಒಂದೇ. ನಮ್ಮ ಭಾಗಗಳನ್ನು ಅಮ್ಮನ ಹೆಸರಿಗೆ ಬಿಟ್ಟುಕೊಡೋದು. ಅಮ್ಮ ನಾಳೆ ಮನೆ ಬಾಡಿಗೆಗೆ ಕೊಡಲಿ, ಸಾಲ ತೆಗೀಲಿ, ಮಾರಲಿ, ಪ್ರತಿ ಸಲವೂ ಮೂರು ಮಕ್ಕಳ ಸಹಿಗೆ ಕಾಯೋ ಹಾಗೆ ಆಗಬಾರದು. ಅದಕ್ಕೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗಬೇಕು. ಅಣ್ಣ, ಅಕ್ಕ ಇಬ್ಬರೂ ಒಟ್ಟಿಗೆ ಬರೋ ಹಾಗಿರಲಿಲ್ಲ. ಆದ್ದರಿಂದ ಅವರ ಪರವಾಗಿ ಸಹಿ ಹಾಕೋ ಅಧಿಕಾರ ನನಗೆ ಕೊಡಬೇಕು. ಅದೇ ಪವರ್ ಆಫ್ ಅಟಾರ್ನಿ.

ಅಣ್ಣ ತನ್ನ ಬ್ಯಾಂಕಿನಲ್ಲಿದ್ದ ನೋಟರಿ ಮುಂದೆ ಹತ್ತು ನಿಮಿಷದಲ್ಲಿ ಸಹಿ ಹಾಕಿ, ಸೀಲ್ ಒತ್ತಿಸಿ ಕಳಿಸಿಬಿಟ್ಟ. ಅಕ್ಕನದೂ ಬರಲಿ, ಎರಡನ್ನೂ ಒಟ್ಟಿಗೆ ತಗೊಂಡು ಹೋದರಾಯ್ತು ಅಂತ ನಾನು ಬೀರುವಿನಲ್ಲಿ ಇಟ್ಟೆ. ಎರಡೂ ತಪ್ಪೇ.

"ಇವರನ್ನ ನಾನು ಬಲ್ಲೆ" ಅನ್ನೋರು ಯಾರು?

ವಾಪಸ್ ಬಂದ ಮೇಲೆ ನಮ್ಮ ಏರಿಯಾದಲ್ಲಿ ಮೂವತ್ತು ವರ್ಷದಿಂದ ಪತ್ರ ಬರೆಯೋ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಹೇಳಿದ ಒಂದು ಮಾತಿನಿಂದ ಇಡೀ ವಿಷಯ ನನಗೆ ಬಿಡಿಸಿ ಅರ್ಥವಾಯ್ತು.

"ನೋಡಮ್ಮ, ನೀನು ಸಬ್ ರಿಜಿಸ್ಟ್ರಾರ್ ಮುಂದೆ ಹೋದ್ರೆ ಗುರುತು ಹೇಳೋಕೆ ಇಬ್ಬರು ಸಾಕ್ಷಿ ಬೇಕು ತಾನೆ? ಪಕ್ಕದ ಮನೆಯವರನ್ನ ಕರ್ಕೊಂಡು ಹೋಗ್ತೀಯ. ಹೌದು ಸ್ವಾಮಿ, ಈ ಹುಡುಗಿ ಇಂಥವರ ಮಗಳು, ನಾವು ಬಲ್ಲೆವು ಅಂತ ಅವರು ಹೇಳ್ತಾರೆ. ನಿಮ್ಮಣ್ಣನ್ನ ಅಮೆರಿಕದಲ್ಲಿ ಯಾರು ಬಲ್ಲರು? ನೋಟರಿ ಬಲ್ಲ. ಸರಿ, ಆ ನೋಟರಿಯನ್ನ ಇಲ್ಲಿ ಯಾರು ಬಲ್ಲರು?"

ಇಷ್ಟೇ ವಿಷಯ. ನೋಟರಿ, ಅಟೆಸ್ಟೇಷನ್, ಅಪೋಸ್ಟಿಲ್ ಅಂತ ನಾವು ಹೆದರೋದೆಲ್ಲ "ಇವರನ್ನ ನಾನು ಬಲ್ಲೆ" ಅನ್ನೋ ಮಾತಿನ ಒಂದು ಸರಪಳಿ. ನಿಮ್ಮನ್ನು ನೋಟರಿ ಗುರುತಿಸ್ತಾರೆ, ನೋಟರಿಯನ್ನು ಅವರ ಸರ್ಕಾರ ಗುರುತಿಸುತ್ತೆ, ಆ ಸರ್ಕಾರದ ಗುರುತನ್ನು ನಮ್ಮ ಸರ್ಕಾರ ಒಪ್ಪುತ್ತೆ. ಸರಪಳಿಯ ಕೊನೇ ಕೊಂಡಿ ಇಲ್ಲಿನ ಕೌಂಟರ್‌ನವರಿಗೆ ಪರಿಚಯ ಇರೋದಾಗಿರಬೇಕು. ಅಣ್ಣನ ಕಾಗದದಲ್ಲಿ ಸರಪಳಿ ಮೊದಲನೇ ಕೊಂಡಿಗೇ ನಿಂತುಹೋಗಿತ್ತು.

ಇದು ಹೊಸ ತಕರಾರೇನಲ್ಲ. 1970ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಜುಗ್‌ರಾಜ್ ಸಿಂಗ್ ವಿರುದ್ಧ ಜಸ್ವಂತ್ ಸಿಂಗ್ ಪ್ರಕರಣದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅಮೆರಿಕದಲ್ಲಿದ್ದವರೊಬ್ಬರು ಇಲ್ಲಿನ ಜಮೀನು ಮಾರೋಕೆ ಪವರ್ ಆಫ್ ಅಟಾರ್ನಿ ಕಳಿಸಿದ್ದರು. ಮೊದಲನೆಯದರಲ್ಲಿ ಸಹಿ ಹಾಕಿದ ಸಾಕ್ಷಿ ನೋಟರಿ ಹೌದೋ ಅಲ್ಲವೋ ಅಂತ ತೋರಿಸೋ ಗುರುತೇ ಇರಲಿಲ್ಲ. ಆಮೇಲೆ ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಸರಿಯಾಗಿ ನೋಟರಿ ಮಾಡಿಸಿದ ಎರಡನೇ ಪತ್ರ ಬಂತು. ಕೋರ್ಟು ಆ ಎರಡನೆಯದನ್ನು ಒಪ್ಪಿತು. ನಮ್ಮಣ್ಣನೂ ಎರಡನೇ ಪತ್ರ ಮಾಡಿಸಬೇಕಾಯ್ತು ಅನ್ನೋದಕ್ಕೆ ಇದೊಂದು ಸಮಾಧಾನ!

ದಾರಿ ಎರಡು

ನೋಂದಣಿ ಕಾಯ್ದೆ, 1908ರ ಸೆಕ್ಷನ್ 33 ಈ ವಿಷಯದ ಬುಡ. ಭಾರತದಲ್ಲಿ ವಾಸವಿಲ್ಲದವರು ಕೊಡೋ ಪವರ್ ಆಫ್ ಅಟಾರ್ನಿ ಯಾರ ಮುಂದೆ ಸಹಿಯಾಗಿ ದೃಢೀಕರಣ ಆಗಿರಬೇಕು ಅಂತ ಅದು ಪಟ್ಟಿ ಕೊಡುತ್ತೆ: ನೋಟರಿ, ನ್ಯಾಯಾಲಯ, ನ್ಯಾಯಾಧೀಶರು, ಮ್ಯಾಜಿಸ್ಟ್ರೇಟ್, ಭಾರತೀಯ ಕಾನ್ಸುಲ್ ಅಥವಾ ವೈಸ್ ಕಾನ್ಸುಲ್, ಕೇಂದ್ರ ಸರ್ಕಾರದ ಪ್ರತಿನಿಧಿ. ಇದರಿಂದ ಎರಡು ದಾರಿ ಹೊರಡುತ್ತವೆ.

ಮೊದಲನೇದು ಕಾನ್ಸುಲೇಟ್ ದಾರಿ. ನೀವಿರೋ ಊರು ಯಾವ ಭಾರತೀಯ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತೋ ಅಲ್ಲಿ ಅರ್ಜಿ ಹಾಕಿ ಅಟೆಸ್ಟ್ ಮಾಡಿಸೋದು. 1948ರ ಕಾನೂನೊಂದರ ಪ್ರಕಾರ ನಮ್ಮ ಕಾನ್ಸುಲರ್ ಅಧಿಕಾರಿಗಳು ನೋಟರಿ ಮಾಡೋ ಕೆಲಸ ಮಾಡಬಹುದು, ಅವರ ಸೀಲು, ಸಹಿಯನ್ನು ಇಲ್ಲಿ ಬೇರೆಯಾಗಿ ಸಾಬೀತು ಮಾಡೋ ಅಗತ್ಯ ಇಲ್ಲ. ಸರಪಳಿಯಲ್ಲಿ ಒಂದೇ ಕೊಂಡಿ, ಅದೂ ನಮ್ಮ ಸರ್ಕಾರದ್ದೇ. ಬೆಂಗಳೂರಿನ ಯಾವ ಕೌಂಟರ್‌ನಲ್ಲೂ ಇದಕ್ಕೆ ಪರಿಚಯ ಹೇಳಬೇಕಿಲ್ಲ. ಅಪಾಯಿಂಟ್‌ಮೆಂಟ್, ಪ್ರಯಾಣ, ರಜೆ, ಇವು ಮಾತ್ರ ಇದರ ಕಷ್ಟ. ಈಗ ಹಲವು ದೇಶಗಳಲ್ಲಿ ಅರ್ಜಿ ತಗೊಳ್ಳೋದು ಹೊರಗುತ್ತಿಗೆ ಕೇಂದ್ರಗಳು. ಎಲ್ಲಿ ಸಹಿ ಹಾಕಬೇಕು, ಸಾಕ್ಷಿಗಳು ಬೇಕಾ, ಎಷ್ಟು ಫೋಟೋ ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಅವರ ಪಟ್ಟಿ ಓದೋ ಮುಂಚೆ ಮನೆಯಲ್ಲೇ ಸಹಿ ಹಾಕಿಕೊಂಡು ಹೊರಡಬೇಡಿ.

ಎರಡನೇದು ಅಪೋಸ್ಟಿಲ್ ದಾರಿ. (ಅಮ್ಮ ಇವತ್ತಿಗೂ ಇದನ್ನ "ಪೋಸ್ಟಲ್" ಅಂತಾರೆ. "ಪೋಸ್ಟಾಫೀಸಲ್ಲೇ ಮಾಡಿಕೊಡಲ್ವೇನೇ?") 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಆದ ಒಪ್ಪಂದ ಇದಕ್ಕೆ ಆಧಾರ. ಸದಸ್ಯ ದೇಶವೊಂದರ ಸರ್ಕಾರ ಒಂದು ನಿಗದಿತ ನಮೂನೆಯ ಪ್ರಮಾಣಪತ್ರ ಅಂಟಿಸಿದರೆ ಉಳಿದ ಸದಸ್ಯ ದೇಶಗಳು ಮತ್ತೆ ರಾಯಭಾರ ಕಚೇರಿಯ ಸೀಲ್ ಕೇಳೋ ಹಾಗಿಲ್ಲ. ಚೌಕಾಕಾರ, ಬದಿ ಕನಿಷ್ಠ 9 ಸೆಂಟಿಮೀಟರ್, ನಂಬರ್ ಹಾಕಿದ 10 ಸಾಲು. ನೋಡಿದ ತಕ್ಷಣ ಗುರುತು ಸಿಗುತ್ತೆ. ಭಾರತಕ್ಕೆ ಈ ಒಪ್ಪಂದ 2005ರ ಜುಲೈ 14ರಿಂದ ಜಾರಿಗೆ ಬಂದಿದೆ.

ಇಲ್ಲಿ ಒಂದು ಮಾತು ನೆನಪಿರಲಿ. ಅಪೋಸ್ಟಿಲ್ ಹೇಳೋದು "ಈ ಸಹಿ, ಈ ಸೀಲು ನಿಜವಾದ ನೋಟರಿಯದ್ದು" ಅಂತ ಮಾತ್ರ. ಒಳಗೆ ಬರೆದಿರೋದು ಸರಿಯೋ ತಪ್ಪೋ ಅದಕ್ಕೆ ಸಂಬಂಧವಿಲ್ಲ. ಸರ್ವೆ ನಂಬರ್ ತಪ್ಪಿದ್ದರೆ ಆ ತಪ್ಪಿನ ಮೇಲೇ ಚೆಂದವಾಗಿ ಅಪೋಸ್ಟಿಲ್ ಕೂರುತ್ತೆ.

ಅಮೆರಿಕದಲ್ಲಿ ಇದನ್ನು ಕೊಡೋದು ಆಯಾ ರಾಜ್ಯ. ನೋಟರಿ ಯಾವ ರಾಜ್ಯದವರೋ ಆ ರಾಜ್ಯದ್ದೇ ಬೇಕು. ಟೆಕ್ಸಾಸ್, ಕ್ಯಾಲಿಫೋರ್ನಿಯಾದಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ, ಅಣ್ಣನ ನ್ಯೂಜೆರ್ಸಿಯಲ್ಲಿ ಖಜಾನೆ ಇಲಾಖೆ. ಬ್ರಿಟನ್‌ನಲ್ಲಿ ವಿದೇಶಾಂಗ ಕಚೇರಿ. ಸಿಂಗಪುರ 2021ರಲ್ಲಿ, ಸೌದಿ ಅರೇಬಿಯಾ 2022ರಲ್ಲಿ, ಕೆನಡಾ 2024ರ ಜನವರಿಯಲ್ಲಿ ಈ ವ್ಯವಸ್ಥೆಗೆ ಬಂದಿವೆ. ಟೊರಾಂಟೊದಲ್ಲಿರೋ ಭಾವ ಹತ್ತು ವರ್ಷದ ಹಿಂದೆ ಹೇಗೆ ಮಾಡಿಸಿದ್ದರು ಅಂತ ಕೇಳಿಕೊಂಡು ಹೊರಟರೆ ಹಳೇ ದಾರಿಯಲ್ಲೇ ಹೋಗ್ತೀರಿ.

ಸೆಕ್ಷನ್ 33 "ನೋಟರಿ" ಅಂತಷ್ಟೇ ಹೇಳುತ್ತಲ್ಲ, ಅಪೋಸ್ಟಿಲ್ ಯಾಕೆ ಅಂತ ನಾನೂ ವಾದ ಮಾಡಿದೆ. ಹೊರದೇಶದ ನೋಟರಿ ನಿಜವಾದವರೇ ಅಂತ ಇಲ್ಲಿನ ಅಧಿಕಾರಿಗೆ ತಿಳಿಯೋಕೆ ಬೇರೆ ಯಾವ ದಾರಿ ಇದೆ ಹೇಳಿ? ಕೌಂಟರ್ ಮುಂದೆ ವಾದ ಮಾಡಿ ಗೆಲ್ಲೋದಕ್ಕಿಂತ ಒಂದು ಸೀಲ್ ಹೆಚ್ಚು ಹಾಕಿಸೋದು ಅಗ್ಗ.

ಅಕ್ಕನಿಗೆ ಆ ದಾರಿ ಇರಲಿಲ್ಲ

ಅಣ್ಣನಿಗೆ ಅಪೋಸ್ಟಿಲ್ ಅಂತ ತೀರ್ಮಾನವಾದ ಮೇಲೆ ಅಕ್ಕನಿಗೂ ಅದನ್ನೇ ವಾಟ್ಸಾಪ್ ಮಾಡಿದೆ. ಜರ್ಮನಿ ಕೂಡ ಹೇಗ್ ಒಪ್ಪಂದದ ಸದಸ್ಯ ದೇಶವೇ. ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಸಲ್ಲಿಸಿದೆ. ಹಾಗೆ ಆಕ್ಷೇಪ ಇರೋ ಎರಡು ದೇಶಗಳ ನಡುವೆ ಅಪೋಸ್ಟಿಲ್ ನಡೆಯಲ್ಲ. ಇಬ್ಬರೂ ಸದಸ್ಯರು, ಇಬ್ಬರ ನಡುವೆ ಮಾತ್ರ ಮಾತಿಲ್ಲ. ಕೆಲವು ನೆಂಟರ ಮನೆಗಳ ಹಾಗೆ.

ಪುಣ್ಯಕ್ಕೆ ಅಕ್ಕ ವಿಚಾರಿಸಿಕೊಂಡೇ ಹೆಜ್ಜೆ ಇಡೋಳು. ಮ್ಯೂನಿಕ್‌ನಲ್ಲೇ ಭಾರತೀಯ ಕಾನ್ಸುಲೇಟ್ ಇದೆ. ಅಲ್ಲಿಗೇ ಹೋಗಿ ಅಟೆಸ್ಟ್ ಮಾಡಿಸಿಕೊಂಡಳು.

ದುಬೈ, ಅಬುಧಾಬಿಯಲ್ಲಿರೋರಿಗೂ ಇದೇ ಮಾತು. ಯುಎಇ ಆ ಒಪ್ಪಂದದಲ್ಲಿಲ್ಲ, ಹಾಗಾಗಿ ಭಾರತೀಯ ಕಾನ್ಸುಲೇಟ್ ದಾರಿಯೇ ನೇರ. ವಿಡಿಯೋ ಕಾಲ್‌ನಲ್ಲಿ ನೋಟರಿ ಮಾಡೋ ಸೌಲಭ್ಯ ಅಮೆರಿಕದ ಹಲವು ರಾಜ್ಯಗಳಲ್ಲಿದೆ. ಮನೆಯಲ್ಲೇ ಕೂತು ಮುಗಿಸಬಹುದು ಅಂತ ಆಸೆಯಾಗುತ್ತೆ. ಆದರೆ ನಮ್ಮ ಕಾನೂನು ನೋಟರಿ "ಮುಂದೆ" ಸಹಿ ಆಗಬೇಕು ಅನ್ನುತ್ತೆ. ಆಸ್ತಿ ವಿಷಯಕ್ಕೆ ಆ ದಾರಿ ಹಿಡಿಯೋ ಮುಂಚೆ ಇಲ್ಲಿನ ಕಚೇರಿಯಲ್ಲಿ ಕೇಳದೆ ದುಡ್ಡು ಕಟ್ಟಬೇಡಿ.

ಎಷ್ಟು ಅಧಿಕಾರ ಕೊಡಬೇಕು?

ಎರಡನೇ ಸಲ ಡ್ರಾಫ್ಟ್ ಮಾಡಿಸೋವಾಗ ಮನೆಯಲ್ಲಿ ಸಣ್ಣ ಮಾತುಕತೆ ನಡೀತು. ಸಂಬಂಧಿಕರೊಬ್ಬರು, "ಮತ್ತೆ ಮತ್ತೆ ಯಾಕೆ ಕಷ್ಟ? ಮಾರೋದು, ಅಡ ಇಡೋದು, ಎಲ್ಲ ಸೇರಿಸಿ ಜನರಲ್ ಪವರ್ ಬರೆಸಿಬಿಡಿ" ಅಂದರು. ಅಣ್ಣ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದ. ನಂಬಿಕೆ ಇಲ್ಲದೆ ಅಲ್ಲ. ಹುಟ್ಟಿ ಬೆಳೆದ ಮನೆ. ಹತ್ತು ಸಾವಿರ ಕಿಲೋಮೀಟರ್ ಆಚೆ ಕೂತು, ಅದರ ಮೇಲಿನ ಎಲ್ಲ ಅಧಿಕಾರವನ್ನೂ ಒಂದು ಸಹಿಯಲ್ಲಿ ಕೊಡು ಅಂದರೆ ಯಾರಿಗಾದರೂ ಕೈ ತಡೆಯುತ್ತೆ. ನಾನೇ ಹೇಳಿದೆ, "ನಂಗೆ ಅಷ್ಟೆಲ್ಲ ಬೇಡ ಅಣ್ಣ. ಈ ಒಂದು ಪತ್ರಕ್ಕೆ ಎಷ್ಟು ಬೇಕೋ ಅಷ್ಟು ಕೊಡು ಸಾಕು."

ಅದೇ ಸ್ಪೆಷಲ್ ಪವರ್ ಆಫ್ ಅಟಾರ್ನಿ. ಇಂಥ ಆಸ್ತಿ, ಇಂಥ ಹಕ್ಕು ಬಿಡುಗಡೆ ಪತ್ರ, ಇಂಥವರ ಹೆಸರಿಗೆ. ಅದಕ್ಕೆ ಸಹಿ ಹಾಕಿ, ನೋಂದಣಿಗೆ ಹಾಜರುಪಡಿಸೋ ಅಧಿಕಾರ, ಅಷ್ಟೇ. ಕೆಲಸ ಮುಗಿದರೆ ಅಧಿಕಾರವೂ ಮುಗೀತು. ಕೊಡೋರಿಗೂ ನೆಮ್ಮದಿ, ತಗೊಳ್ಳೋರಿಗೂ ನೆಮ್ಮದಿ.

ನಮ್ಮ ಕಡೆ, ಅದರಲ್ಲೂ ಕೆಂಗೇರಿ ಸುತ್ತಮುತ್ತ ಸೈಟ್ ನೋಡಿದವರಿಗೆ "ಜಿಪಿಎ" ಅಂದರೆ ಸ್ವಲ್ಪ ಹೆದರಿಕೆ. ಕ್ರಯಪತ್ರ ಇಲ್ಲದೆ ಬರೀ ಜಿಪಿಎ ಮೇಲೆ ಸೈಟು ಮಾರಿದ ಕತೆಗಳು ಎಷ್ಟೋ ಇವೆ. 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಥ ಜಿಪಿಎ ಮಾರಾಟದಿಂದ ಮಾಲೀಕತ್ವ ಬರಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಅದೇ ತೀರ್ಪಿನಲ್ಲಿ, ಗಂಡ, ಹೆಂಡತಿ, ಮಕ್ಕಳು, ಅಣ್ಣ ತಮ್ಮ, ಅಕ್ಕ ತಂಗಿಗೆ ವ್ಯವಹಾರ ನೋಡಿಕೊಳ್ಳೋಕೆ, ಪತ್ರ ಮಾಡಿಕೊಡೋಕೆ ಕೊಡೋ ನಿಜವಾದ ಪವರ್ ಆಫ್ ಅಟಾರ್ನಿಗೆ ಇದರಿಂದ ತೊಂದರೆ ಇಲ್ಲ ಅಂತಲೂ ಹೇಳಿದೆ. ಅಂದರೆ ಪವರ್ ಆಫ್ ಅಟಾರ್ನಿ ನಿಮ್ಮ ಕೈಯನ್ನು ಕೊಡುತ್ತೆ, ಮನೆಯನ್ನಲ್ಲ.

ಇನ್ನೊಂದು ತಪ್ಪು ನಾವು ಸ್ವಲ್ಪದರಲ್ಲೇ ಮಾಡಿಬಿಡ್ತಿದ್ದೆವು. ಅಪ್ಪ ಹುಷಾರಿಲ್ಲದಾಗ ಬ್ಯಾಂಕು, ತೆರಿಗೆ ಓಡಾಟಕ್ಕೆ ನನ್ನ ಹೆಸರಿಗೆ ಒಂದು ಜಿಪಿಎ ಮಾಡಿಕೊಟ್ಟಿದ್ದರು. "ಅದೇ ಇದ್ಯಲ್ಲ, ಅದರಲ್ಲೇ ಮುಗಿಸಿ" ಅಂತ ಸಲಹೆ ಬಂತು. ಆಗಲ್ಲ. ಅಧಿಕಾರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅವತ್ತಿಗೇ ಮುಗಿಯುತ್ತೆ. ಭಾರತೀಯ ಕರಾರು ಕಾಯ್ದೆ, 1872ರ ಸೆಕ್ಷನ್ 201 ಹೇಳೋದು ಇದನ್ನೇ. ಅಪ್ಪ ಅಮ್ಮನ ಜಿಪಿಎ ಬೀರುವಿನಲ್ಲಿದೆ ಅಂತ ನಿಶ್ಚಿಂತೆಯಾಗಿರೋ ಗೆಳೆಯರಿಗೆ ಈ ಒಂದು ಸಾಲು ಕಳಿಸಿ. ಜಿಪಿಎ ವಿಲ್ ಅಲ್ಲ.

ಇನಿಷಿಯಲ್ ಅನ್ನೋ ಗಂಟು

ಇದು ನಮ್ಮ ಕಡೆಯವರಿಗೇ ಮೀಸಲಾದ ತಾಪತ್ರಯ. ಅಪ್ಪನ ಕ್ರಯಪತ್ರದಲ್ಲಿ ಎರಡು ಇನಿಷಿಯಲ್, ಒಂದು ಹೆಸರು. ಅಣ್ಣನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲೂ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ತುಂಬೋಕೆ ಅಪ್ಪನ ಹೆಸರು ಹೋಗಿ ಕೂತಿದೆ. ಅಕ್ಕನದು ಮದುವೆ ಆದ ಮೇಲೆ ಮತ್ತೊಂದು ತರಹ. ಆಧಾರ್‌ನಲ್ಲಿ ಇಂಗ್ಲಿಷ್ ಅಕ್ಷರ ಒಂದು ಹೆಚ್ಚು. ನಮಗೆ ಇವರೆಲ್ಲ ಒಬ್ಬರೇ ಅಂತ ಗೊತ್ತು. ಕಾಗದಕ್ಕೆ ಗೊತ್ತಿಲ್ಲ.

ನೋಟರಿ ಅಥವಾ ಕಾನ್ಸುಲೇಟ್ ಪಾಸ್‌ಪೋರ್ಟಿನ ಹೆಸರನ್ನೇ ನೋಡೋದು. ಹಾಗಾಗಿ ಪತ್ರದಲ್ಲಿ ಪಾಸ್‌ಪೋರ್ಟ್ ಹೆಸರು ಬರೆದು, ಪಕ್ಕದಲ್ಲೇ "ದಾಖಲೆಗಳಲ್ಲಿ ಹೀಗೆ ಗುರುತಿಸಲ್ಪಟ್ಟಿರುವ" ಅಂತ ಹಳೇ ರೂಪವನ್ನೂ ಸೇರಿಸಿ. ಪಾಸ್‌ಪೋರ್ಟ್ ನಂಬರ್, ಅಪ್ಪನ ಹೆಸರು, ಈಗಿನ ವಿಳಾಸ, ಇಲ್ಲಿನ ವಿಳಾಸ ನಾಲ್ಕೂ ಇರಲಿ. ವ್ಯತ್ಯಾಸ ದೊಡ್ಡದಿದ್ದರೆ "ಇಬ್ಬರೂ ಒಬ್ಬರೇ" ಅನ್ನೋ ಅಫಿಡವಿಟ್ಟನ್ನೂ ಅದೇ ದಿನ, ಅದೇ ನೋಟರಿ ಮುಂದೆ ಮಾಡಿಸಿಬಿಡಿ. ಆಸ್ತಿ ವಿವರವನ್ನು ಕ್ರಯಪತ್ರದಿಂದ, ಈಗಿನ ಇ-ಖಾತಾದಿಂದ ನೋಡಿಕೊಂಡು ಬರೆಯಿರಿ. ನಾಲ್ಕೂ ದಿಕ್ಕಿನ ಚಕ್ಕುಬಂದಿ ಬಿಡಬೇಡಿ. ನೆನಪಿನಿಂದ ಒಂದು ಅಂಕಿಯನ್ನೂ ಬರೀಬೇಡಿ.

ಬೆಂಗಳೂರಿಗೆ ಬಂದ ಮೇಲೆ: ಮೂರು ತಿಂಗಳು

ಈಗ ಕವರ್ ವಿಷಯಕ್ಕೆ ಬರೋಣ. ಹೊರದೇಶದಲ್ಲಿ ಸಹಿಯಾದ ಕಾಗದಕ್ಕೆ ಅಲ್ಲಿ ನಮ್ಮ ಮುದ್ರಾಂಕ ಶುಲ್ಕ ಕಟ್ಟೋಕೆ ಆಗಲ್ಲವಲ್ಲ. ಅದಕ್ಕೇ ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ ಸೆಕ್ಷನ್ 18 ಒಂದು ಅವಕಾಶ ಕೊಟ್ಟಿದೆ. ರಾಜ್ಯದ ಹೊರಗೆ ಸಹಿಯಾದ ಪತ್ರ ಕರ್ನಾಟಕಕ್ಕೆ ಮೊದಲು ಬಂದ ದಿನದಿಂದ ಮೂರು ತಿಂಗಳೊಳಗೆ ಇಲ್ಲಿ ಶುಲ್ಕ ಕಟ್ಟಬಹುದು. ಲೆಕ್ಕ ಶುರುವಾಗೋದು ಸಹಿ ಹಾಕಿದ ದಿನದಿಂದ ಅಲ್ಲ, ಬಂದ ದಿನದಿಂದ. ಬಂದ ದಿನ ಯಾವುದು ಅಂತ ಹೇಳೋ ಸಾಕ್ಷಿ ಯಾವುದು? ಕೊರಿಯರ್ ಕವರ್, ಅದರ ಮೇಲಿನ ತಾರೀಖು, ಡೆಲಿವರಿ ಸ್ಲಿಪ್. ಯಾರಾದರೂ ಕೈಯಲ್ಲಿ ತಂದುಕೊಟ್ಟರೆ ಅವರ ಪಾಸ್‌ಪೋರ್ಟಿನ ಇಮಿಗ್ರೇಷನ್ ಸೀಲಿನ ಪ್ರತಿ ಇಟ್ಟುಕೊಳ್ಳಿ.

ಬೆಂಗಳೂರು ನಗರದಲ್ಲಿ ಐದು ನೋಂದಣಿ ಜಿಲ್ಲೆಗಳಿವೆ: ರಾಜಾಜಿನಗರ, ಬಸವನಗುಡಿ, ಗಾಂಧಿನಗರ, ಜಯನಗರ, ಶಿವಾಜಿನಗರ. ಕಾಗದ ಬಂದ ವಾರದಲ್ಲೇ ನಿಮ್ಮ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಮೂಲಪತ್ರ, ಜೆರಾಕ್ಸ್, ಕವರ್, ನಿಮ್ಮ ಗುರುತಿನ ಚೀಟಿ ತಗೊಂಡು ಹೋಗಿ ಶುಲ್ಕ ನಿಗದಿ ಮಾಡಿಸಿ, ಕಟ್ಟಿ. ಅದಾದ ಮೇಲೇ ಸಬ್ ರಿಜಿಸ್ಟ್ರಾರ್ ಮುಂದೆ ಹೋಗೋದು. ನನ್ನ ಹಾಗೆ "ಅಕ್ಕನದೂ ಬರಲಿ" ಅಂತ ಬೀರುವಿನಲ್ಲಿಟ್ಟು ಕೂರಬೇಡಿ. ಒಂದೊಂದು ಕಾಗದಕ್ಕೂ ಅದರದ್ದೇ ಗಡಿಯಾರ.

ಎರಡನೇ ಸಲ ಅಣ್ಣ ಕಳಿಸಿದಾಗ ಅಮ್ಮ ಕವರನ್ನು ಕತ್ತರಿಸಲೂ ಬಿಡಲಿಲ್ಲ. "ತಡಿ, ಮೊದಲು ಫೋಟೋ ತೆಗಿ" ಅಂದರು.

ಇಲ್ಲಿಂದ ಹೊರಡೋ ಕಾಗದಕ್ಕೂ ಅದೇ ಸರಪಳಿ

ಕೆನಡಾಕ್ಕೋ ದುಬೈಗೋ ಹೊರಡೋ ತಯಾರಿಯಲ್ಲಿದ್ದೀರಾ? ಜನನ ಪ್ರಮಾಣಪತ್ರ, ಮದುವೆ ಸರ್ಟಿಫಿಕೇಟು, ಡಿಗ್ರಿ, ಇವುಗಳ ಕೆಲಸ ಇಲ್ಲಿರೋವಾಗಲೇ ಮುಗಿಸಿ. ಮೊದಲು ರಾಜ್ಯ ಸರ್ಕಾರದ ಸಂಬಂಧಪಟ್ಟ ಇಲಾಖೆಯ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್. ಅಪೋಸ್ಟಿಲ್‌ಗೆ ಸರ್ಕಾರಿ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಅರ್ಜಿ ತಗೊಳ್ಳೋ ಅಧಿಕೃತ ಏಜೆನ್ಸಿಗಳ ಸೇವಾ ಶುಲ್ಕ ಬೇರೆ. ಕೆಲವು ದಾಖಲೆಗಳಿಗೆ ಇ-ಸನದ್ ಅನ್ನೋ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯೂ ಇದೆ. ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಅದರಲ್ಲಿ ಸರ್ಕಾರಕ್ಕೆ ಹೋಗೋದೆಷ್ಟು ಅಂತ ಕೇಳೋ ಹಕ್ಕು ನಿಮಗಿದೆ.

ಯುಎಇಗಾದರೆ ವಿದೇಶಾಂಗ ಸಚಿವಾಲಯದ ನಂತರ ಆ ದೇಶದ ರಾಯಭಾರ ಕಚೇರಿ, ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಸಚಿವಾಲಯ, ಹೀಗೆ ಕೊಂಡಿ ಹೆಚ್ಚು. ಮತ್ತೆ, ಪ್ರೀತಿಯಿಂದ ಡಿಗ್ರಿ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿಡಬೇಡಿ. ಸ್ಟಿಕ್ಕರ್ ಅಂಟಿಸೋದು, ಸೀಲ್ ಒತ್ತೋದು ಆ ಕಾಗದದ ಬೆನ್ನ ಮೇಲೇ.

ಕೊರಿಯರ್ ಮಾಡೋ ಮುಂಚೆ ಒಂದು ಸಲ ನೋಡಿ

- ಕಾಗದ ಕೊನೆಗೆ ಹೋಗಿ ಸೇರೋ ಕೌಂಟರ್‌ನಲ್ಲಿ (ಸಬ್ ರಿಜಿಸ್ಟ್ರಾರ್, ಬ್ಯಾಂಕು, ಹೌಸಿಂಗ್ ಸೊಸೈಟಿ) ಡ್ರಾಫ್ಟ್ ತೋರಿಸಿ ಕೇಳಿದಿರಾ? ಇದು ಎಲ್ಲಕ್ಕಿಂತ ಮೊದಲು.
- ನೀವಿರೋ ದೇಶಕ್ಕೂ ಭಾರತಕ್ಕೂ ಅಪೋಸ್ಟಿಲ್ ನಡೆಯುತ್ತಾ, ಕಾನ್ಸುಲೇಟೇ ಬೇಕಾ?
- ಪ್ರತಿ ಪುಟಕ್ಕೂ ಸಹಿ ಆಗಿದೆಯಾ? ಫೋಟೋ, ಪಾಸ್‌ಪೋರ್ಟ್ ಪ್ರತಿ ಸೇರಿದೆಯಾ?
- ಹೆಸರು, ಇನಿಷಿಯಲ್, ಚಕ್ಕುಬಂದಿ ಮೂಲಪತ್ರಕ್ಕೆ ಹೊಂದುತ್ತಾ?
- ಅಧಿಕಾರ ಎಷ್ಟು ಬೇಕೋ ಅಷ್ಟೇ ಇದೆಯಾ?
- ಮೂಲಪತ್ರವನ್ನೇ ಕಳಿಸ್ತಿದ್ದೀರಾ? ಸ್ಕ್ಯಾನ್ ನಡೆಯಲ್ಲ.
- ಇಲ್ಲಿ ತಗೊಳ್ಳೋರಿಗೆ ಕವರ್ ಎಸೀಬೇಡಿ ಅಂತ ಹೇಳಿದಿರಾ?

ರಿಜಿಸ್ಟ್ರೇಷನ್ ದಿನ

ಕೊನೆಗೂ ಆ ದಿನ ಬಂತು. ಹಕ್ಕು ಬಿಡುಗಡೆ ಪತ್ರದ ಮೇಲೆ ನಾನು ಮೂರು ಸಲ ಸಹಿ ಹಾಕಿದೆ. ಒಂದು ನನ್ನದು, ಒಂದು ಅಣ್ಣನ ಪರವಾಗಿ, ಒಂದು ಅಕ್ಕನ ಪರವಾಗಿ. ಅಣ್ಣನ ಹೆಸರಿನ ಕೆಳಗೆ ನನ್ನ ಸಹಿ ಬೀಳೋವಾಗ ಕೈ ಸ್ವಲ್ಪ ನಿಧಾನವಾಯ್ತು. ಅಲ್ಲಿ ಆಗ ನಡುರಾತ್ರಿ. ನಿದ್ದೆ ಮಾಡದೆ ಫೋನ್ ಹಿಡಿದು ಕೂತಿದ್ದಾನೆ ಅಂತ ನಂಗೊತ್ತಿತ್ತು.

ಗುರುತು ಹೇಳೋಕೆ ಪಕ್ಕದ ಮನೆ ಆಂಟಿ, ಅವರ ಮಗ ಬಂದಿದ್ದರು. "ಇವರನ್ನ ನಿಮಗೆ ಗೊತ್ತಾ?" ಅಂತ ಕೇಳಿದಾಗ ಆಂಟಿ, "ಗೊತ್ತಾ ಅಂದ್ರೆ? ಇವಳು ಹುಟ್ಟಿದಾಗ ಆಸ್ಪತ್ರೆಗೆ ಊಟ ತಗೊಂಡು ಹೋದೋಳೇ ನಾನು" ಅಂದರು. ಅಲ್ಲಿದ್ದವರೆಲ್ಲ ನಕ್ಕರು. ನ್ಯೂಜೆರ್ಸಿಯ ನೋಟರಿ, ಖಜಾನೆ ಇಲಾಖೆ, ಮ್ಯೂನಿಕ್‌ನ ಕಾನ್ಸುಲೇಟು ಸೇರಿ ಅಷ್ಟು ದೂರದಿಂದ ಮಾಡಿದ ಕೆಲಸವನ್ನು ಆಂಟಿ ಒಂದೇ ಮಾತಿನಲ್ಲಿ ಮಾಡಿಬಿಟ್ಟರು.

ಮನೆಗೆ ಬರೋ ದಾರಿಯಲ್ಲಿ ಅಮ್ಮ ಮಾತಾಡಲಿಲ್ಲ. ಹಾವನೂರು ಸರ್ಕಲ್ ದಾಟಿದ ಮೇಲೆ ಮೆಲ್ಲಗೆ ಕೇಳಿದರು, "ಇನ್ಮೇಲೆ ಟ್ಯಾಕ್ಸ್ ರಸೀತೀಲಿ ನಿಮ್ಮಪ್ಪನ ಹೆಸರು ಬರಲ್ಲ ಅಲ್ವೇನೇ?"

ನಾನು ಪತ್ರ ತೆಗೆದು ಮೊದಲ ಪುಟ ತೋರಿಸಿದೆ. ಅಮ್ಮನ ಹೆಸರು, ಅದರ ಮುಂದೆ "ದಿವಂಗತ" ಅಂತ ಶುರುವಾಗಿ ಅಪ್ಪನ ಹೆಸರು, ಎರಡೂ ಇನಿಷಿಯಲ್ ಸಮೇತ, ಆಮೇಲೆ "ರವರ ಪತ್ನಿ". ಅಮ್ಮ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಆ ಸಾಲನ್ನು ಎರಡು ಸಲ ಓದಿದರು.

ಪತ್ರ ಈಗ ಬೀರುವಿನಲ್ಲಿದೆ. ಅದೇ ಫೈಲಿನಲ್ಲಿ ಎರಡು ಕೊರಿಯರ್ ಕವರ್‌ಗಳೂ ಇವೆ. ಕೆಲಸ ಮುಗೀತಲ್ಲ, ರದ್ದಿಗೆ ಹಾಕ್ಲಾ ಅಂತ ಮೊನ್ನೆ ಕೇಳಿದೆ. ಅಮ್ಮ ಕೊಡಲಿಲ್ಲ.